ಹತ್ತನೇ ಬ್ಲಾಕು ಎರಡಾದದ್ದು ಹೇಗೆ: ಹೆಸರು ಹುಟ್ಟಿಸುವ ಮ್ಯಾಕ್ರೋದ ಒಂದು ಪ್ರಕರಣ

ಪುನರ್ವಸು ಮಳೆ ಹಿಡಿದು ನಾಲ್ಕು ದಿನವಾಗಿತ್ತು. ರಾತ್ರಿ ಒಂಬತ್ತೂವರೆಗೆ ಗೋದಾಮಿನ ರೈಟರ್ ಫೋನು. "ಸಾರ್, ನಿಮ್ ಮಿಷನ್ನು ಸುಳ್ ಹೇಳ್ತಾ ಐತೆ. ಎರಡನೇ ಬ್ಲಾಕಲ್ಲಿ ತೇವ ಅಂತ ಇದು ಮೂರನೇ ಮೆಸೇಜು. ಎರಡು ಸಲ ಅಟ್ಟಿ ಇಳಿಸಿ ನೋಡ್ಸಿದೆ, ಚೀಲ ಎಲ್ಲ ಗರಿಗರಿ ಅವೆ. ಇನ್ನೊಂದ್ಸಲ ಇಳಿಸ್ರಪ್ಪ ಅಂದ್ರೆ ಹಮಾಲ್ರು ನನ್ನೇ ಎತ್ತಿ ಅಟ್ಟಿ ಮೇಲೆ ಇಡ್ತಾರೆ."

ಹಾಸನದ ಹೊರವಲಯದಲ್ಲಿರುವ ಬಾಡಿಗೆ ಗೋದಾಮು ಅದು. ಸಕಲೇಶಪುರ, ಆಲೂರು, ಬೇಲೂರು ಕಡೆಯ ಬೆಳೆಗಾರರು ಒಣಗಿಸಿದ ಕಾಫಿ ಚೆರ್ರಿಯನ್ನು 50 ಕೆಜಿ ಚೀಲಗಳಲ್ಲಿ ತಂದಿಟ್ಟು ರೇಟು ಏರುವುದನ್ನು ಕಾಯುತ್ತಾರೆ. ಕಣದಲ್ಲಿ ಎಷ್ಟೇ ಚೆನ್ನಾಗಿ ಒಣಗಿದ್ದರೂ ಮಳೆಗಾಲದ ಗಾಳಿಯಿಂದ ಕಾಫಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಒಂದು ಅಟ್ಟಿಗೆ ಬೂಸಲು ಹತ್ತಿದರೆ ಪಕ್ಕದವನ ಕಾಫಿಗೂ ವಾಸನೆ, ಆಮೇಲೆ ಜಗಳ. ಹಾಗಾಗಿ ಹನ್ನೆರಡು ಬ್ಲಾಕುಗಳಿಗೂ ಒಂದೊಂದು ತೇವದ ಸೆನ್ಸರ್ ಇಡುವ ಕೆಲಸ ನನ್ನ ಸಣ್ಣ ವರ್ಕ್‌ಶಾಪಿಗೆ ಬಂದಿತ್ತು. ಆರ್ಡುಯಿನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಹನ್ನೆರಡು ಡಿಎಚ್‌ಟಿ22 ಸೆನ್ಸರ್, ಸಿಮ್ ಹಾಕುವ ಒಂದು ಮಾಡ್ಯೂಲು. ಮಿತಿ ದಾಟಿದರೆ ರೈಟರ್ ಫೋನಿಗೆ ಮೆಸೇಜು. ಇಷ್ಟೇ ಯಂತ್ರ. ಗೋಡೆಯ ಮೇಲೆ ಮೊದಲೇ ಬಣ್ಣದಲ್ಲಿ ಬರೆದಿದ್ದರು: ಬಿ1, ಬಿ2, ಹೀಗೆ ಬಿ12ರವರೆಗೆ. ಬ್ಲಾಕು ಅನ್ನುವುದಕ್ಕೆ ಇಂಗ್ಲಿಷಿನ ದೊಡ್ಡ ಬಿ. ನಾನೂ ಪ್ರೋಗ್ರಾಮಿನಲ್ಲಿ ಅದೇ ಹೆಸರನ್ನು ಇಟ್ಟುಕೊಂಡೆ. ಗೋಡೆಗೂ ಕೋಡಿಗೂ ಒಂದೇ ಹೆಸರಿದ್ದರೆ ಗೊಂದಲವಿಲ್ಲ ಎಂಬ ಲೆಕ್ಕಾಚಾರ. ಆ ಲೆಕ್ಕಾಚಾರವೇ ಕೈಕೊಟ್ಟಿತು.

ಒಂದು ಮಾತು. ಕೆಳಗೆ ಬರುವ ಕೋಡಿನ ತುಣುಕುಗಳು ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿವೆ. ಇಲ್ಲಿ ಓದಲು ಸಲೀಸಾಗಲೆಂದು ಕನ್ನಡದಲ್ಲಿ ಬರೆದಿದ್ದೇನೆ.

ಮ್ಯಾಕ್ರೋ ಯಾಕೆ ಬೇಕಾಯಿತು

ಮೊದಲ ಆವೃತ್ತಿಯನ್ನು ಎಲ್ಲರೂ ಮಾಡುವ ಹಾಗೆ ಕಾಪಿ ಹೊಡೆದು ಮಾಡಿದ್ದೆ. ಸೆನ್ಸರ್_ಬಿ1 ಎಂದು ಒಂದು ಸಾಲು, ಅದನ್ನೇ ಹನ್ನೆರಡು ಸಲ ಅಂಟಿಸಿ ಅಂಕಿ ಬದಲಿಸುವುದು. ಏಳನೆಯದರಲ್ಲಿ ಒಂದು ಕಡೆ 6 ಉಳಿದುಬಿಟ್ಟಿತ್ತು. ಟೇಬಲ್ ಮೇಲೆ ಪರೀಕ್ಷೆ ಮಾಡುವಾಗಲೇ ಸಿಕ್ಕಿತು, ಪುಣ್ಯ. ಆದರೆ ಅವತ್ತೇ ತೀರ್ಮಾನ ಮಾಡಿದೆ, ಹೆಸರುಗಳನ್ನು ಇನ್ನು ಕೈಯಿಂದ ಬರೆಯುವುದಿಲ್ಲ, ಮ್ಯಾಕ್ರೋ ಬರೆಯಲಿ ಎಂದು. ಮ್ಯಾಕ್ರೋ ಎಂದರೆ ಒಂದು ಹೆಸರು ಕಂಡ ಕಡೆಯಲ್ಲೆಲ್ಲ ನಾವು ಹೇಳಿಟ್ಟ ತುಣುಕನ್ನು ಇಡು ಎಂಬ ಸೂಚನೆ. ಕಂಪೈಲರು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಮೊದಲೇ ಪ್ರೀಪ್ರೊಸೆಸರ್ ಎಂಬ ಹಂತ ಈ ಕೆಲಸ ಮುಗಿಸುತ್ತದೆ. ಹಾಗೆ ಹೆಸರಿನ ಜಾಗದಲ್ಲಿ ತುಣುಕು ಇಡುವುದನ್ನೇ ಮುಂದೆ ಬಿಡಿಸುವುದು ಎಂದಿದ್ದೇನೆ.

ಸಿ ಭಾಷೆಯಲ್ಲಿ ಇದಕ್ಕೆ ಎರಡು ಗುರುತುಗಳಿವೆ. ಎರಡು ಹ್ಯಾಷ್ (##) ಇಟ್ಟರೆ ಎಡದ ತುಣುಕನ್ನೂ ಬಲದ ತುಣುಕನ್ನೂ ಅಂಟಿಸಿ ಒಂದೇ ಹೆಸರು ಮಾಡುತ್ತದೆ. ಒಂದು ಹ್ಯಾಷ್ (#) ಇಟ್ಟರೆ ಕೊಟ್ಟ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಪಠ್ಯ ಮಾಡುತ್ತದೆ. ಎರಡೂ 1989ರ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಮಾನಕದೊಂದಿಗೆ ಬಂದವು. ಅದಕ್ಕೂ ಮುಂಚೆ ಯುನಿಕ್ಸ್‌ನ ಪ್ರೀಪ್ರೊಸೆಸರ್‌ನಲ್ಲಿ ಜನ ಎರಡು ತುಣುಕಿನ ನಡುವೆ ಖಾಲಿ ಕಾಮೆಂಟ್ (ಕಂಪೈಲರು ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ) ಇಟ್ಟು ಅಂಟಿಸುತ್ತಿದ್ದರು. ಕಾಮೆಂಟ್ ಮಾಯವಾದಾಗ ಅಕ್ಕಪಕ್ಕದವು ಕೂಡಿಕೊಳ್ಳುತ್ತಿದ್ದವು. ಮಾನಕ ಬಂದ ಮೇಲೆ ಕಾಮೆಂಟಿನ ಜಾಗದಲ್ಲಿ ಒಂದು ಖಾಲಿ ಜಾಗ ಉಳಿಯಬೇಕೆಂದಾಯಿತು, ಆ ಉಪಾಯ ಸತ್ತಿತು. ಅಂದಹಾಗೆ ## ಮಾಡುವ ಈ ಅಂಟಿಸುವಿಕೆಯನ್ನು ನಮ್ಮ ಸಂಧಿ ಎಂದುಕೊಳ್ಳಬೇಡಿ. ಲೋಪ, ಆಗಮ, ಆದೇಶ ಯಾವುದೂ ಅದಕ್ಕೆ ಗೊತ್ತಿಲ್ಲ. 'ಮರ', 'ಅನ್ನು' ಕೊಟ್ಟರೆ 'ಮರಅನ್ನು' ಎಂದೇ ಕೊಡುತ್ತದೆ.

ಬ್ಲಾಕುಗಳ ಪಟ್ಟಿ ಒಂದೇ ಕಡೆ:

#ಡಿಫೈನ್ ಎಲ್ಲ_ಬ್ಲಾಕು(ಮಾಡು) \
  ಮಾಡು(ಬಿ1, 22) \
  ಮಾಡು(ಬಿ2, 23) \
  … ಮಾಡು(ಬಿ12, 33)

ಬಳಸುವಾಗ:

#ಡಿಫೈನ್ ಘೋಷಿಸು(ಬ, ಪಿನ್)  ಡಿಎಚ್‌ಟಿ ಸೆನ್ಸರ್_##ಬ(ಪಿನ್, ಡಿಎಚ್‌ಟಿ22);
#ಡಿಫೈನ್ ಪಠ್ಯಸಾಲು(ಬ, ಪಿನ್)  #ಬ,

'ಎಲ್ಲ_ಬ್ಲಾಕು(ಘೋಷಿಸು)' ಎಂದರೆ ಹನ್ನೆರಡು ಸೆನ್ಸರ್ ಹುಟ್ಟುತ್ತವೆ. 'ಎಲ್ಲ_ಬ್ಲಾಕು(ಪಠ್ಯಸಾಲು)' ಎಂದರೆ ಮೆಸೇಜಿಗೆ ಬೇಕಾದ ಹನ್ನೆರಡು ಪಠ್ಯಗಳು. ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಎಲ್ಲ ಕಡೆಯೂ ತಾನೇ ಸೇರುತ್ತದೆ. ಒಂದು ಮಳೆಗಾಲ ಪೂರ್ತಿ ಇದು ಯಾವ ತಕರಾರೂ ಇಲ್ಲದೆ ನಡೆಯಿತು.

ಮುಂದಿನ ವರ್ಷ ಅದೇ ಮಾಲೀಕರ ಇನ್ನೊಂದು ಗೋದಾಮಿಗೂ ಇದೇ ಪೆಟ್ಟಿಗೆ ಬೇಕು ಎಂದರು. ಇಂಜಿನಿಯರಿಂಗ್ ಮುಗಿಸಿ ನನ್ನ ಹತ್ತಿರ ಕೆಲಸ ಕಲಿಯಲು ಬಂದಿದ್ದ ಹುಡುಗ ಅದನ್ನು ವಹಿಸಿಕೊಂಡ. ಹೆಸರಿನ ಮುಂದೆ ಗೋದಾಮಿನ ಗುರುತು ಬರಬೇಕು, ಆ ಗುರುತನ್ನು ಕಂಪೈಲ್ ಮಾಡುವಾಗ ಹೊರಗಿನಿಂದ ಕೊಡಬೇಕು. ಅಂದರೆ 'ಗೋದಾಮು' ಎನ್ನುವುದೇ ಒಂದು ಮ್ಯಾಕ್ರೋ, ಅದರ ಬೆಲೆ 'ಹಾಸನ'. ಅವನು ನೇರವಾಗಿ ## ಹಾಕಿದಾಗ 'ಹಾಸನ_ಬಿ1' ಆಗುವ ಬದಲು 'ಗೋದಾಮು_ಬಿ1' ಎಂದೇ ಬಂತು. ಸಿ ಕಲಿತವರೆಲ್ಲ ಒಂದಲ್ಲ ಒಂದು ದಿನ ಎಡವುವ ಕಲ್ಲು ಇದು. ## ಅಥವಾ # ಪಕ್ಕದಲ್ಲಿ ಕೂತ ಆರ್ಗ್ಯುಮೆಂಟನ್ನು (ಮ್ಯಾಕ್ರೋಗೆ ಕೊಟ್ಟ ತುಣುಕನ್ನು) ಪ್ರೀಪ್ರೊಸೆಸರ್ ಬಿಡಿಸುವುದಿಲ್ಲ, ಇದ್ದಹಾಗೇ ಬಳಸುತ್ತದೆ. ಬೇರೆ ಕಡೆ ಕೂತಿದ್ದರೆ ಮೊದಲು ಪೂರ್ತಿ ಬಿಡಿಸಿ ಆಮೇಲೆ ಒಳಗೆ ಇಡುತ್ತದೆ. ಇದಕ್ಕೆ ಎಲ್ಲ ಪುಸ್ತಕದಲ್ಲೂ ಹೇಳುವ ಮದ್ದೆಂದರೆ ಎರಡು ಮೆಟ್ಟಿಲು:

#ಡಿಫೈನ್ ಅಂಟಿಸು(ಅ, ಆ)  ಅ##_##ಆ
#ಡಿಫೈನ್ ಹೆಸರು(ಅ, ಆ)  ಅಂಟಿಸು(ಅ, ಆ)

'ಹೆಸರು' ಒಳಗೆ ## ಇಲ್ಲ. ಹಾಗಾಗಿ ಅಲ್ಲಿ 'ಗೋದಾಮು' ಬಿಡಿಸಿಕೊಂಡು 'ಹಾಸನ' ಆಗುತ್ತದೆ, ಆಮೇಲೆ 'ಅಂಟಿಸು' ಅದನ್ನು ಅಂಟಿಸುತ್ತದೆ. ಹುಡುಗ ಇದನ್ನೇ ಹಾಕಿದ. ಅಂಟಿಸುವುದಕ್ಕೆ ಎರಡು ಮೆಟ್ಟಿಲಾದ ಮೇಲೆ ಪಠ್ಯಕ್ಕೂ ಅದೇ ಇರಲಿ ಎಂದು # ಅನ್ನೂ ಎರಡು ಮೆಟ್ಟಿಲು ಮಾಡಿದ. ಕೋಡು ಚೊಕ್ಕಟವಾಗಿ ಕಂಡಿತು. ನಾನು ನೋಡಿ ಒಪ್ಪಿದೆ. ಒಂದೂ ಎಚ್ಚರಿಕೆ ಇಲ್ಲದೆ ಕಂಪೈಲ್ ಆಯಿತು. ಹಳೇ ಗೋದಾಮಿನ ಬೋರ್ಡಿಗೂ ಹೊಸ ಆವೃತ್ತಿ ಹಾಕಿ ಬಂದೆವು. ಜೂನ್ ತಿಂಗಳಲ್ಲಿ ಬಿ4, ಬಿ7ರಿಂದ ಮೆಸೇಜು ಬಂದವು, ಎರಡೂ ಸರಿಯಾಗಿದ್ದವು.

ಗೋದಾಮಿನಲ್ಲಿ

ಫೋನು ಬಂದ ಮರುದಿನ ಬೆಳಿಗ್ಗೆ ಹುಡುಗನನ್ನು ಕರೆದುಕೊಂಡು ಹೋದೆ. ನನ್ನ ಮೊದಲ ಅನುಮಾನ ಎರಡನೇ ಬ್ಲಾಕಿನ ಸೆನ್ಸರ್ ಮೇಲೆ. ಹಿಂದಿನ ದಿನವೇ ರೈಟರ್ ಅದನ್ನು ಕಿತ್ತು ನಾನು ಕೊಟ್ಟಿದ್ದ ಸ್ಪೇರ್ ಹಾಕಿದ್ದರು, ಆದರೂ ಮೆಸೇಜು ನಿಂತಿರಲಿಲ್ಲ. ಹಾಗಿದ್ದರೆ ವೈರೇ? ಪರೀಕ್ಷೆಯ ಸ್ವಿಚ್ ಒತ್ತಿ, ಸೆನ್ಸರನ್ನು ಬಾಯಿ ಹತ್ತಿರ ಹಿಡಿದು ಹಾ ಎಂದು ಉಸಿರು ಬಿಟ್ಟೆ. ಬಾಯಿಯ ಹಬೆ ತಾಗಿದರೆ ಡಿಎಚ್‌ಟಿ22ರ ರೀಡಿಂಗ್ ಸರ್ರನೆ ಏರುತ್ತದೆ. ರೈಟರ್ ಜೇಬಿನಲ್ಲಿ ಫೋನು ಟಿಂಗ್ ಎಂದಿತು.

"ಬಂತು ನೋಡಿ ಸಾರ್, ಅದೇ ಎರಡು."

ಫೋನು ಇಸಿದುಕೊಂಡು ನೋಡಿದೆ. ಈಗ ಬಂದದ್ದು: ಬ್ಲಾಕ್ ಬಿ2. ರಾತ್ರಿ ಬಂದದ್ದು: ಬ್ಲಾಕ್ 2.

ಒಂದರಲ್ಲಿ ಬಿ ಇದೆ, ಒಂದರಲ್ಲಿ ಇಲ್ಲ. ರೈಟರಿಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಎರಡನೇ ಬ್ಲಾಕು ಅಂದರೆ ಎರಡನೇ ಬ್ಲಾಕು. ಆದರೆ ನಮ್ಮ ಕೋಡಿನಲ್ಲಿ ಬಿ ಇಲ್ಲದ 2 ಎಂಬ ಬ್ಲಾಕೇ ಇಲ್ಲ. ಹಾಗಾದರೆ ಮೆಸೇಜು ಕಳಿಸುತ್ತಿರುವುದು ಯಾರು?

ಅಷ್ಟು ಹೊತ್ತಿಗೆ ಹುಡುಗ ಗೋದಾಮಿನ ಆ ತುದಿಯಿಂದ ಕೂಗಿದ, "ಸಾರ್, ಇಲ್ಲೇನೋ ಮುಗ್ಗಲು ವಾಸ್ನೆ." ಹತ್ತನೇ ಬ್ಲಾಕಿನ ಮೇಲೆ ಶೀಟಿನ ಬೋಲ್ಟಿಗಿದ್ದ ವಾಷರ್ ಹೋಗಿ ಹನಿ ಹನಿಯಾಗಿ ನೀರು ಇಳಿಯುತ್ತಿತ್ತು. ಮೇಲಿನಿಂದ ನೋಡಿದರೆ ಗೊತ್ತಾಗುವಂತಿರಲಿಲ್ಲ, ಗೋಡೆಯ ಕಡೆಯಿಂದ ಇಳಿದಿತ್ತು. ಕೆಳಗಿನ ಆರು ಚೀಲಗಳಿಗೆ ಬೂಸಲು ಹತ್ತಿತ್ತು. ಮೂರು ದಿನ ಹತ್ತನೆಯದು ನೆನೆಯುತ್ತಿದ್ದರೆ ನಾವು ಎರಡನೆಯದನ್ನು ಇಳಿಸಿ ಏರಿಸಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಶೀಟಿಗೆ ಟಾರ್ಪಾಲು ಹಾಕಿಸಿ, ಒಂದೊಂದೇ ಸೆನ್ಸರಿಗೆ ಉಸಿರು ಊದುತ್ತಾ ಹೋದೆವು. ಬಿ3, ಬಿ4, ಬಿ5 ಸರಿ. ಬಿ9 ಸರಿ. ಬಿ10 ಊದಿದರೆ '2'. ಬಿ11 ಊದಿದರೆ '3'. ಬಿ12 ಮತ್ತೆ ಸರಿಯಾಗಿ 'ಬಿ12'. ಬಿ1ಕ್ಕೆ '1' ಎಂದು ಬಂತು. ಇದೊಂದು ಮಜಾ. ಒಂದನೇ ಬ್ಲಾಕಿನಿಂದ ಯಾವತ್ತಾದರೂ ಮೆಸೇಜು ಬಂದಿದ್ದರೂ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಯಾಕೆಂದರೆ ಉತ್ತರ ಸರಿಯೇ ಇತ್ತು.

ನಾನು ಮೆಮೊರಿ ಹಾಳಾಗಿದೆ ಎಂದುಕೊಂಡೆ. ಮೆಗಾದಲ್ಲಿ ಓಡುವಾಗ ಬಳಸಲು ಸಿಗುವ ಮೆಮೊರಿ ಬರೀ 8 ಕಿಲೋಬೈಟ್, ಸಿಮ್ ಮಾಡ್ಯೂಲಿನ ಬಫರ್ ಉಕ್ಕಿ ಪಕ್ಕದ ಪಠ್ಯವನ್ನು ತಿಂದಿರಬಹುದು. ಹುಡುಗ ತಲೆ ಅಲ್ಲಾಡಿಸಿದ. "ತಿಂದಿದ್ರೆ ಬಿ ಹೋಗಿ 10 ಉಳೀಬೇಕಿತ್ತಲ್ವಾ ಸಾರ್? ಹತ್ತು ಎರಡಾಗೋದು, ಹನ್ನೊಂದು ಮೂರಾಗೋದು ಬೈನರಿ ಲೆಕ್ಕ." ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಬೈನರಿಯಲ್ಲಿ 10 ಎಂದರೆ ಎರಡು, 11 ಎಂದರೆ ಮೂರು, 12ರಲ್ಲಿ 2 ಇರುವುದರಿಂದ ಅದು ಬೈನರಿ ಸಂಖ್ಯೆಯೇ ಅಲ್ಲ. ಆದರೆ ನಮ್ಮ ಬ್ಲಾಕಿನ ಹೆಸರನ್ನು ಬೈನರಿ ಎಂದು ಓದಿದವರು ಯಾರು?

ಹುಟ್ಟಿದ ಹೆಸರನ್ನು ಕಣ್ಣಾರೆ ನೋಡುವುದು

ವರ್ಕ್‌ಶಾಪಿಗೆ ವಾಪಸ್ ಬಂದು, ಕಂಪೈಲರಿನ ಆಜ್ಞೆಯಲ್ಲಿ '-ಸಿ' ಇದ್ದ ಕಡೆ ದೊಡ್ಡಕ್ಷರದ '-ಇ' ಹಾಕಿದೆ. ಹಾಗೆ ಮಾಡಿದರೆ ಅದು ಪ್ರೀಪ್ರೊಸೆಸರ್ ಹಂತಕ್ಕೇ ನಿಂತು, ಮ್ಯಾಕ್ರೋಗಳೆಲ್ಲ ಬಿಡಿಸಿಕೊಂಡ ಮೇಲೆ ಏನು ಉಳಿದಿದೆಯೋ ಅದನ್ನು ಉದ್ದಕ್ಕೂ ಸುರಿಯುತ್ತದೆ. ಸಾವಿರಾರು ಸಾಲು. ನಮ್ಮದು ಕೊನೆಯಲ್ಲಿ:

ಡಿಎಚ್‌ಟಿ ಹಾಸನ_1(22, ಡಿಎಚ್‌ಟಿ22); ಡಿಎಚ್‌ಟಿ ಹಾಸನ_ಬಿ2(23, ಡಿಎಚ್‌ಟಿ22); … ಡಿಎಚ್‌ಟಿ ಹಾಸನ_ಬಿ9(30, ಡಿಎಚ್‌ಟಿ22); ಡಿಎಚ್‌ಟಿ ಹಾಸನ_2(31, ಡಿಎಚ್‌ಟಿ22); ಡಿಎಚ್‌ಟಿ ಹಾಸನ_3(32, ಡಿಎಚ್‌ಟಿ22); ಡಿಎಚ್‌ಟಿ ಹಾಸನ_ಬಿ12(33, ಡಿಎಚ್‌ಟಿ22);

ಎಲ್ಲವೂ ಒಂದೇ ಸಾಲಿನಲ್ಲಿ. ಮ್ಯಾಕ್ರೋ ಎಷ್ಟು ಸಾಲಿನಲ್ಲಿ ಬರೆದಿದ್ದರೂ ಹುಟ್ಟುವುದು ಒಂದೇ ಸಾಲು. ಹಾಗಾಗಿಯೇ ಇಂಥ ಕಡೆ ತಪ್ಪಿದ್ದರೆ ಕಂಪೈಲರ್ ಹೇಳುವ ಸಾಲಿನ ನಂಬರಿನಿಂದ ಏನೂ ಉಪಯೋಗವಿಲ್ಲ. 'ಹಾಸನ_ಬಿ10' ಎಂದು ಇಡೀ ಫೈಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಅದನ್ನು ಯಾರೂ ಟೈಪ್ ಮಾಡಿಯೇ ಇಲ್ಲ.

'-ಇ' ಜೊತೆಗೆ '-ಡಿಎಂ' ಕೊಟ್ಟರೆ ಆ ಕ್ಷಣಕ್ಕೆ ಜಾರಿಯಲ್ಲಿರುವ ಎಲ್ಲ ಮ್ಯಾಕ್ರೋಗಳ ಪಟ್ಟಿ ಬರುತ್ತದೆ. ಅದರಲ್ಲಿ ಹುಡುಕಿದಾಗ ಸಿಕ್ಕಿತು: #ಡಿಫೈನ್ ಬಿ10 2.

ಆರ್ಡುಯಿನೋ ಜೊತೆಗೆ ಬರುವ 'ಬೈನರಿ' ಎಂಬ ಹೆಡರ್ ಫೈಲಿನ (ನಮ್ಮ ಕೋಡಿನೊಳಗೆ ಸೇರಿಕೊಳ್ಳುವ ಸಿದ್ಧ ಫೈಲಿನ) ಕೆಲಸ ಅದು. ಆರ್ಡುಯಿನೋ 2005ರಲ್ಲಿ ಶುರುವಾದಾಗ ಸಿ ಭಾಷೆಯಲ್ಲಾಗಲಿ ಸಿ++ನಲ್ಲಾಗಲಿ ಬೈನರಿ ಸಂಖ್ಯೆ ಬರೆಯುವ ಅಧಿಕೃತ ದಾರಿ ಇರಲಿಲ್ಲ. '0ಬಿ' ಮುಂದೆ ಹಾಕಿ ಬರೆಯುವುದು ಸಿ++14ರಲ್ಲಿ ಮಾನಕವಾಯಿತು, ಸಿ ಭಾಷೆಗೆ ಸಿ23ರಲ್ಲಿ ಬಂತು. ಹೊಸಬರಿಗೆ ಸುಲಭವಾಗಲಿ ಎಂದು ಬಿ0, ಬಿ1, ಬಿ00, ಬಿ01, ಬಿ10 ಎಂದು ಒಂದಂಕಿಯಿಂದ ಎಂಟಂಕಿಯವರೆಗೆ ಸಾಧ್ಯವಿರುವ ಎಲ್ಲ ಹೆಸರನ್ನೂ ಮ್ಯಾಕ್ರೋ ಮಾಡಿಟ್ಟಿದ್ದಾರೆ. ಎರಡು, ನಾಲ್ಕು, ಎಂಟು ಎಂದು 256ರವರೆಗೆ ಕೂಡಿಸಿದರೆ ಒಟ್ಟು 510. ಅವರ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಸಿ ಮ್ಯಾಕ್ರೋಗೆ ಊರಿನ ಗಡಿ ಇಲ್ಲ. ಒಮ್ಮೆ ಹೆಡರ್ ಒಳಗೆ ಬಂದರೆ ನಿಮ್ಮ ಫೈಲಿನ ಮೂಲೆಮೂಲೆಯಲ್ಲೂ ಆ ಹೆಸರು ಅವರದ್ದೇ.

ಈಗ ಹಿಂದಿನ ವರ್ಷ ಯಾಕೆ ಸರಿಯಾಗಿತ್ತು ಎಂಬುದೂ ತಿಳಿಯಿತು. ಹಳೆಯ 'ಘೋಷಿಸು'ವಿನಲ್ಲಿ 'ಬ' ನೇರವಾಗಿ ## ಪಕ್ಕದಲ್ಲಿತ್ತು, 'ಪಠ್ಯಸಾಲು'ವಿನಲ್ಲಿ # ಪಕ್ಕದಲ್ಲಿತ್ತು. ಆದ್ದರಿಂದ ಬಿ10 ಬಿಡಿಸಿಕೊಳ್ಳಲಿಲ್ಲ. ನಮಗೆ ಗೊತ್ತಿಲ್ಲದೆಯೇ ಆ ನಿಯಮ ನಮ್ಮನ್ನು ಕಾಯುತ್ತಿತ್ತು. ಎರಡು ಮೆಟ್ಟಿಲು ಹಾಕಿದ್ದು 'ಗೋದಾಮು' ಬಿಡಿಸಿಕೊಳ್ಳಲಿ ಎಂದು. ಅದೇ ಬಾಗಿಲಿನಿಂದ ಬಿ1, ಬಿ10, ಬಿ11 ಕೂಡ ಬಿಡಿಸಿಕೊಂಡು ಹೊರಟವು. ಹನ್ನೆರಡು ಹೆಸರೂ ಬೇರೆ ಬೇರೆಯೇ ಉಳಿದದ್ದರಿಂದ ಕಂಪೈಲರಿಗೆ ಗಲಾಟೆ ಮಾಡಲು ಕಾರಣವಿರಲಿಲ್ಲ. ಸೆನ್ಸರಿನ ಹೆಸರು ಒಳಗೊಳಗೇ 'ಹಾಸನ_2' ಆದರೆ ಯಾರಿಗೂ ನಷ್ಟವಿಲ್ಲ, ಎಲ್ಲ ಕಡೆಯೂ ಅದೇ ತಪ್ಪು ಹೆಸರಿನಿಂದ ಕರೆದರೆ ಕೆಲಸ ನಡೆಯುತ್ತದೆ. ಕೆಟ್ಟದ್ದು ಮನುಷ್ಯ ಓದುವ ಕಡೆ.

ಈ ಪ್ರಕರಣದಲ್ಲಿ ನನ್ನ ತಪ್ಪು ಎಂದು ನಾನು ಎಣಿಸುವುದು ಅದನ್ನೇ. ಕಂಪೈಲರಿಗೆ ಬೇಕಾದ ಹೆಸರು, ರೈಟರಿಗೆ ಬೇಕಾದ ಹೆಸರು ಎರಡನ್ನೂ ಒಂದೇ ತುಣುಕಿನಿಂದ ಹುಟ್ಟಿಸಿದೆ. ಹುಡುಗನ ತಪ್ಪೇನೂ ಇಲ್ಲ. ಅವನು ಪುಸ್ತಕದ ಮದ್ದನ್ನೇ ಕೊಟ್ಟ, ನಾನು ಹುಟ್ಟಿದ್ದು ಏನೆಂದು ನೋಡದೆ ಒಪ್ಪಿದೆ. ಮ್ಯಾಕ್ರೋದಿಂದ ಹೆಸರು ಮಾಡಿಸಿದವರು '-ಇ' ಹಾಕಿ ಒಮ್ಮೆಯಾದರೂ ಆ ಹೆಸರನ್ನು ಓದಬೇಕು. ಐದು ನಿಮಿಷದ ಕೆಲಸ.

ಇದನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಎಂದು ಹುಡುಗ ನಕ್ಕ. ಮಾತು ಸುಳ್ಳಲ್ಲ, 'ಬಿ10' ಎಂದು ಕನ್ನಡದಲ್ಲಿ ಬರೆದರೆ ಯಾವ ಹೆಡರೂ ಅದನ್ನು ಕದಿಯುವುದಿಲ್ಲ. ಜಿಸಿಸಿ ಎಂಬ ಕಂಪೈಲರು 2020ರಲ್ಲಿ ಬಂದ ಹತ್ತನೇ ಆವೃತ್ತಿಯಿಂದ ಇಂಥ ಹೆಸರುಗಳನ್ನು ನೇರವಾಗಿ ಒಪ್ಪುತ್ತದೆ ಕೂಡ. ಆದರೆ ನಾವು ಬಳಸುವ ಆರ್ಡುಯಿನೋದ ಕಂಪೈಲರು ಏಳನೇ ಆವೃತ್ತಿಯದು.

ಏನು ಬದಲಿಸಿದೆವು

ಸುಲಭದ ದಾರಿ ಬಿ ತೆಗೆದು ಬೇರೆ ಅಕ್ಷರ ಇಡುವುದು. ಅದನ್ನು ನಾನು ಒಪ್ಪಲಿಲ್ಲ. ನಾಳೆ ಆ ಅಕ್ಷರವನ್ನು ಇನ್ನೊಂದು ಹೆಡರ್ ಹಿಡಿದಿರುತ್ತದೆ. ಬೇಕಾಗಿದ್ದು 'ಗೋದಾಮು' ಮಾತ್ರ ಬಿಡಿಸಿಕೊಳ್ಳಬೇಕು, ಬ್ಲಾಕು ಬಿಡಿಸಿಕೊಳ್ಳಬಾರದು ಎಂಬುದು. ಅದಕ್ಕೆ ದಾರಿ ಆ ನಿಯಮದಲ್ಲೇ ಇದೆ:

#ಡಿಫೈನ್ ಘೋಷಿಸು(ಬ, ಪಿನ್, ಓದುಹೆಸರು)  ಡಿಎಚ್‌ಟಿ ಹೆಸರು(ಗೋದಾಮು, ಬ್ಲಾಕ್_##ಬ)(ಪಿನ್, ಡಿಎಚ್‌ಟಿ22);

ಪಟ್ಟಿಯಿಂದ ಬಂದ 'ಬ' ಮೊದಲ ಕೈಯಲ್ಲೇ ## ಪಕ್ಕ ಕೂರುತ್ತದೆ, ಹಾಗಾಗಿ ಬಿಡಿಸಿಕೊಳ್ಳದೆ 'ಬ್ಲಾಕ್_ಬಿ10' ಆಗುತ್ತದೆ. ಆ ಹೆಸರಿನ ಮ್ಯಾಕ್ರೋ ಯಾರಲ್ಲೂ ಇಲ್ಲ. ಆಮೇಲೆ ಎಷ್ಟು ಮೆಟ್ಟಿಲು ಹತ್ತಿಳಿದರೂ ಅದು ಹಾಗೇ ಇರುತ್ತದೆ. 'ಗೋದಾಮು' ಎಂದಿನಂತೆ ಬಿಡಿಸಿಕೊಂಡು 'ಹಾಸನ_ಬ್ಲಾಕ್_ಬಿ10' ಹುಟ್ಟುತ್ತದೆ. ಮೊದಲ ಕೈ ಎಂಬುದು ಮುಖ್ಯ. ನಡುವೆ ಬೇರೆ ಒಂದು ಮ್ಯಾಕ್ರೋ 'ಬ'ವನ್ನು ಬರಿಗೈಯಲ್ಲಿ ಹಿಡಿದು ದಾಟಿಸಿದರೆ ಅಷ್ಟರಲ್ಲೇ 2 ಆಗಿರುತ್ತದೆ.

ಮೆಸೇಜಿನ ಹೆಸರು ಈಗ ಪಟ್ಟಿಯ ಮೂರನೇ ಕಾಲಂ, ಕೈಯಿಂದಲೇ ಬರೆದದ್ದು. ಅಲ್ಲಿ # ಇಲ್ಲವೇ ಇಲ್ಲ. ಹನ್ನೆರಡು ಸಾಲು ಟೈಪ್ ಮಾಡುವುದು ಎಷ್ಟರ ಮಾತು? ಇದರಿಂದ ಇನ್ನೊಂದು ಲಾಭವಾಯಿತು. ಅಲ್ಲಿ ಏನು ಬೇಕಾದರೂ ಬರೆಯಬಹುದಾದ್ದರಿಂದ ರೈಟರ್ ಕೇಳಿದಂತೆ ಕನ್ನಡದಲ್ಲಿ 'ಹತ್ತನೇ ಬ್ಲಾಕು' ಎಂದೇ ಹಾಕಿದೆವು. ಕನ್ನಡದ ಮೆಸೇಜಿಗೆ 160ರ ಬದಲು 70 ಅಕ್ಷರವಷ್ಟೇ ಹಿಡಿಯುತ್ತದೆ, ನಮಗೆ ಅದು ಸಾಕು.

ಸೆನ್ಸರ್‌ಗಳಿಗೆ ಒಂದೊಂದು ಹೆಸರು ಬೇಕಿತ್ತೇ, ಅರೇಯಲ್ಲಿ (ಸಾಲುಪಟ್ಟಿಯಲ್ಲಿ) ಇಟ್ಟು 0, 1, 2 ಎಂದು ಎಣಿಸಿದರೆ ಆಗುತ್ತಿರಲಿಲ್ಲವೇ ಎಂದು ಕೇಳುವವರಿಗೆ: ಆಗುತ್ತಿತ್ತು. ಈಗ ಅರ್ಧಕ್ಕಿಂತ ಹೆಚ್ಚು ಕೋಡು ಹಾಗೇ ಇದೆ. ಹೆಸರು ಹುಟ್ಟಿಸಲೇಬೇಕಾದ್ದು ಭಾಷೆಯೇ ಹೆಸರು ಕೇಳುವ ಕಡೆ, ಉದಾಹರಣೆಗೆ ಇಂಟರಪ್ಟ್ ಫಂಕ್ಷನ್ನುಗಳು, ಪೋರ್ಟಿನ (ಚಿಪ್ಪಿನ ಪಿನ್ನುಗಳ ಗುಂಪಿನ) ರಿಜಿಸ್ಟರುಗಳು. ಮಿಕ್ಕ ಕಡೆ ನಾನು ಮ್ಯಾಕ್ರೋ ಹಾಕಿದ್ದು ಅದು ಚೆಂದ ಕಾಣುತ್ತದೆ ಎಂಬ ಚಪಲಕ್ಕೆ.

ಹುಡುಗನಿಗೆ ರಸ್ಟ್ ಭಾಷೆಯ ಮೇಲೆ ಪ್ರೀತಿ. ಅಲ್ಲಿ ಇಂಥದ್ದು ಆಗುವುದೇ ಇಲ್ಲ ಎಂದು ವಾದಿಸಿದ. ಹೌದು, ಅಲ್ಲಿ ಮ್ಯಾಕ್ರೋವನ್ನು ಅದರ ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿಯೇ ಕರೆಯಬೇಕು, ಬರೀ ಬಿ10 ಎಂದರೆ ಯಾರೂ ಓಡಿ ಬರುವುದಿಲ್ಲ. ಆದರೆ ಅಲ್ಲಿನ ಸಾಮಾನ್ಯ ಮ್ಯಾಕ್ರೋದಲ್ಲಿ ಎರಡು ತುಣುಕು ಅಂಟಿಸಿ ಹೆಸರು ಮಾಡುವುದೇ ಕಷ್ಟ, ಅದಕ್ಕೆಂದು 'ಪೇಸ್ಟ್' ಎಂಬ ಹೊರಗಿನ ಕ್ರೇಟನ್ನು (ಬೇರೆಯವರು ಬರೆದಿಟ್ಟ ಕೋಡಿನ ಕಟ್ಟನ್ನು) ಜನ ತಂದುಕೊಳ್ಳುತ್ತಾರೆ. ಲಿಸ್ಪ್ ಭಾಷೆಯವರಿಗೆ ಈ ತಂಟೆಯೇ ಇಲ್ಲ. ಅಲ್ಲಿ ಹೆಸರು ಎಂಬುದೇ ಒಂದು ದತ್ತಾಂಶ, ಪಠ್ಯ ಕಟ್ಟಿ 'ಇಂಟರ್ನ್' ಎಂದರೆ ಹೆಸರಾಗುತ್ತದೆ. ನಮ್ಮ 8 ಕಿಲೋಬೈಟಿನ ಬೋರ್ಡಿನ ಮೇಲೆ ಈ ಚರ್ಚೆ ಟೀ ಮುಗಿಯುವವರೆಗೆ ನಡೆಯಿತು, ಅಷ್ಟೇ.

ಆರು ಚೀಲದ ನಷ್ಟದಲ್ಲಿ ಅರ್ಧ ನಾನು ಕೊಟ್ಟೆ. ಶೀಟು ಸೋರಿದ್ದು ಅವರ ಪಾಲು ಎಂದು ಮಾಲೀಕರೂ ಒಪ್ಪಿಕೊಂಡರು. ಹಮಾಲರ ಎರಡು ದಿನದ ಕೂಲಿ ಪೂರ್ತಿ ನನ್ನದು.

ಮೊನ್ನೆ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಿಂದ ಇದೇ ಪೆಟ್ಟಿಗೆ ಬೇಕೆಂದು ಕರೆ ಬಂತು. ಜಾಗ ನೋಡಲು ಹೋದಾಗ ಮೊದಲು ನೋಡಿದ್ದು ಗೋಡೆ. ಅಲ್ಲಿ ಗ್ರೇಡ್ ಪ್ರಕಾರ ಅಟ್ಟಿ ಹಾಕುತ್ತಾರೆ. ಪ್ಲಾಂಟೇಶನ್ ಎ ಇಟ್ಟ ಕಡೆ ಪಿಎ1, ಪೀಬೆರಿ ಇಟ್ಟ ಕಡೆ ಪಿಬಿ1, ಪ್ಲಾಂಟೇಶನ್ ಸಿ ಇಟ್ಟ ಕಡೆ ಪಿಸಿ1 ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಹುಡುಗ ಅಲ್ಲೇ ಲ್ಯಾಪ್‌ಟಾಪ್ ತೆಗೆದು ಚಿಪ್ಪಿನ ಹೆಡರ್‌ನಲ್ಲಿ ಹುಡುಕಿದ. ಪೋರ್ಟ್ ಎ, ಪೋರ್ಟ್ ಬಿ, ಪೋರ್ಟ್ ಸಿಯ ಪಿನ್ನುಗಳಿಗೆ ಅದೇ ಹೆಸರುಗಳಿವೆ, ಮೂರೂ ಬಿಡಿಸಿಕೊಂಡರೆ ಸಿಗುವುದು 1. ಹಳೆಯ ಎರಡು ಮೆಟ್ಟಿಲಿನಲ್ಲಿ ಹಾಕಿ ನೋಡಿದ, ಒಂದೇ ಹೆಸರಿನ ಮೂರು ಸೆನ್ಸರ್ ಎಂದು ಕಂಪೈಲರು ಕೂಗಿಕೊಂಡಿತು. ಹೊಸದರಲ್ಲಿ ಹಾಕಿದ, '-ಇ' ಕೊಟ್ಟು ಸಾಲು ಓದಿದ, ಆಮೇಲೆ ನನ್ನ ಕಡೆ ತಿರುಗಿ "ಗೋಡೆ ಹಂಗೇ ಇರ್ಲಿ ಸಾರ್" ಅಂದ.